ದಹನದ ದಿನದ ಮತ

ಇದನ್ನು ಹೇಳಲು ನಾನು ತಕ್ಕವನಲ್ಲ, ಕ್ಷಮಿಸಿ. ಆ ಹೊತ್ತಿನಲ್ಲಿ ಖಂಪಾ ಅಜ್ಜಿಯ ಮನೆಯಲ್ಲಿ ಕೂತಿದ್ದೆ, ಅಷ್ಟೇ.

"ನಮ್ಮ ಹೊಳೆಗೆ ಅಣೆಕಟ್ಟು ಕಟ್ಟೋಕೆ ಇವರೂ ಹೌದು ಅಂತ ಮತ ಹಾಕಿದಾರೆ ಅಜ್ಜಿ, ಸಂಸತ್ತಿನ ದಾಖಲೇಲೇ ಇದೆ," ಎಂದು ಮೊಮ್ಮಗಳು ದಾವ್ ಮೊಬೈಲು ಚಾಚಿದಳು. ಮತ್ತೆ ಚುನಾವಣೆಗೆ ನಿಂತಿದ್ದ ಮಾಜಿ ಸಂಸದ ಥವಿನ್, ಅಂಟಕ್ಕಿ ಅನ್ನದ ಉಂಡೆ ಹಿಡಿದು ಚಾಪೆಯ ಮೇಲೆ ಕೂತಿದ್ದರು.

ಖಂಪಾ ಅಜ್ಜಿ ನಕ್ಕಳು. "ತಾರೀಖು ನೋಡೇ. ಅವತ್ತು ನಿಮ್ಮಜ್ಜನ ದಹನ. ಸಾಹೇಬ್ರು ಬೆಳಗಿಂದ ಇಲ್ಲೇ ಇದ್ರು." ಗೋಡೆಯ ಫೋಟೋ ಇಳಿಸಿ, ಹೆಗಲ ಬಟ್ಟೆಯಿಂದ ಒರೆಸಿ, ಅವರ ಮಡಿಲಿಗಿಟ್ಟಳು. ಅದರಲ್ಲಿ ಥವಿನ್ ಶವಕ್ಕೆ ಅರ್ಪಿಸುವ ಗಂಧದ ಚಕ್ಕೆಯ ಹೂ ಹಿಡಿದು ಚಿತೆಯ ಮುಂದೆ ನಿಂತಿದ್ದರು. "ನೀವೇ ಹೇಳಿ ಸಾಹೇಬ್ರೆ. ಒಂದೇ ಸಲ ಎರಡು ಕಡೆ ಇರೋಕೆ ನೀವೇನು ದೆವ್ವಾನಾ?"

ಥವಿನ್ ಉಂಡೆಯನ್ನು ಕೆಳಗಿಟ್ಟರು. "ಸಂಸತ್ತಲ್ಲಿ ಯಂತ್ರಕ್ಕೆ ಹಾಕಿ ಮತ ಒತ್ತೋ ನನ್ನ ಕಾರ್ಡು ಪಕ್ಷದವರ ಹತ್ರ ಇತ್ತಮ್ಮ. ಊರಿಗೆ ಹೊರಟಾಗ ಕೊಟ್ಟು ಬರ್ತಿದ್ವಿ. ಎಲ್ರೂ ಹಾಗೇ ಮಾಡ್ತಿದ್ರು."

ಅಜ್ಜಿ ಕಿಟಕಿಯಾಚೆ ನೋಡಿದಳು. ಅಣೆಕಟ್ಟು ಎದ್ದರೆ ನೀರು ಎಲ್ಲಿಯವರೆಗೆ ಬರುತ್ತದೆಂದು ಮರಕ್ಕೆ ಬಳಿದಿದ್ದ ಕೆಂಪು ಗುರುತು ಅವಳ ಮನೆಯ ಸೂರಿಗಿಂತ ಮೇಲಿತ್ತು.

"ಹಾಗಾದ್ರೆ ನಾನು ಯಾರನ್ನ ಕೇಳ್ಲಿ?"

ಆ ಕಾರ್ಡು ಹಾಕಿ ಗುಂಡಿ ಒತ್ತಿದವರು ಯಾರೆಂದು ಥವಿನ್‌ಗೂ ಗೊತ್ತಿರಲಿಲ್ಲ. ನನಗೆ ಇವತ್ತಿಗೂ ಗೊತ್ತಿಲ್ಲ.