ಅಮ್ಮ ಬಂದಳು

"ಅಮ್ಮ ಬಂದ್ಲು! ನಡ್ಕೊಂಡೇ ಬಂದ್ಲು!" ಬಡಗಿ ಕೆಲಸ ಮಾಡುವ ಮಗಳು ಸುತ್ತಿಗೆ ಬಿಸಾಡಿ ಕೂಗಿದಳು. ಮಂಡಿ ಆಪರೇಷನ್ ಆದಮೇಲೆ ಎರಡು ವರ್ಷ ಹೊಸ್ತಿಲು ದಾಟದಿದ್ದ ಅಮ್ಮ ಕಡಲ ದಾರಿಯಲ್ಲಿ ಕೋಲೂರಿಕೊಂಡು ಒಬ್ಬಳೇ ಬರುತ್ತಿದ್ದಳು. ನಡೆಯುವವರಿಗೆ, ಸೈಕಲ್ಲಿನವರಿಗೆ ಎಂದು ಊರವರೆಲ್ಲ ಸೇರಿ ದಾರಿಯುದ್ದಕ್ಕೂ ಕಟ್ಟಿದ ತಂಗುದಾಣಗಳಲ್ಲಿ ಒಂದರ ಬೆಂಚಿಗೆ ಮಗಳು ಆಗಷ್ಟೇ ಕೊನೆಯ ಮೊಳೆ ಹೊಡೆದಿದ್ದಳು.

"ಕೂತ್ಕೊಳ್ಳಿ ಅಜ್ಜಿ," ಎಂದು ಆಗಲೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ ಸೈಕಲ್ ಸವಾರನೊಬ್ಬ ಎದ್ದು ಜಾಗ ಬಿಟ್ಟ. ಅಮ್ಮ ಏದುಸಿರು ಬಿಡುತ್ತಾ ಕೂತಳು. ಹಲಗೆಯನ್ನು ಅಂಗೈಯಿಂದ ಸವರಿದಳು. ಕಡಲನ್ನು ಕಣ್ತುಂಬ ನೋಡಿದಳು.

"ಮುಂದಿನ ಬೆಂಚು ಎಷ್ಟು ದೂರ?"

"ಅರ್ಧ ಮೈಲಿ. ಇವತ್ತಿಗೆ ಸಾಕಮ್ಮ, ಗಾಡಿ ತರಿಸ್ತೀನಿ," ಎಂದಳು ಮಗಳು.

"ಗಾಡೀಲಿ ನೀನೇ ಕೂತ್ಕೊಂಡು ಬಾ," ಎನ್ನುವಷ್ಟರಲ್ಲಿ ಅಮ್ಮ ಎದ್ದು ಹತ್ತು ಹೆಜ್ಜೆ ಮುಂದೆ ಹೋಗಿಯಾಗಿತ್ತು.