ವಾಪಸ್ ಕೊಡಬೇಕಾದ ಡಬ್ಬಿ

“ನೇಥನ್‌ನ ಕೊಟ್ಟಬಿಟ್ಟಾರಂತ,” ಎಂದ ರೇವಣಸಿದ್ದಪ್ಪ, ಫೋನ್ ಕೆಳಗಿಡುತ್ತ.

ರುದ್ರವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. “ಕೊಟ್ಟಾರ ಅಂದ್ರ? ಯಾರಿಗೆ?”

“ಕಿಂಗ್‌ಸ್ಟನ್ ಆಚೆ ಯಾವುದೋ ಟೀಮಿಗೆ. ಇವನ್ನ ಅವರಿಗೆ ಕೊಟ್ಟು, ಅವರ ಗೋಲ್‌ಕೀಪರ್‌ನ ಇವರು ತಗೊಂಡಾರ. ಎರಡು ಗಂಟೆಗೆ ವ್ಯಾನ್ ಬರತೈತಿ. ಈಗ ಮ್ಯಾಲೆ ಬ್ಯಾಗ್ ಕಟ್ಟಾಕತ್ತಾನ.”

ಜೂನಿಯರ್ ಐಸ್ ಹಾಕಿ ತಂಡಕ್ಕೆ ಹೊರಊರಿನಿಂದ ಬಂದ ಹುಡುಗರನ್ನು ಸೀಸನ್ ಮುಗಿಯುವವರೆಗೆ ಜಾರ್ಜ್‌ಟೌನಿನ ಮನೆಗಳಲ್ಲಿ ಇರಿಸುತ್ತಾರೆ. ಮಗಳು ಮಾಧುರಿ ಓದಲು ಒಟ್ಟಾವಾಕ್ಕೆ ಹೋಗಿ ಅವಳ ಕೋಣೆ ಖಾಲಿಯಾದದ್ದೇ ತಡ, ರೇವಣಸಿದ್ದಪ್ಪ ಹೆಂಡತಿಯನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡು ಬಂದಿದ್ದ. ಸೆಪ್ಟೆಂಬರಿನಲ್ಲಿ ಉತ್ತರದ ಕಾಡೂರಿನಿಂದ ಬಂದಿಳಿದ ನೇಥನ್, ಹತ್ತೊಂಬತ್ತರವನು. ಅಂದಿನಿಂದ ರುದ್ರವ್ವನಿಗೆ ನೆಮ್ಮದಿ ಇಲ್ಲ. ಫ್ರಿಜ್ಜಿನ ಬಾಗಿಲು ತೆಗೆದು ಅದರ ಮುಂದೆಯೇ ಯೋಚನೆ ಮಾಡುತ್ತ ನಿಲ್ಲುತ್ತಿದ್ದ. ಬಿಸಿನೀರು ಖಾಲಿಯಾಗುವವರೆಗೆ ಸ್ನಾನ. ಗರಾಜಿನಲ್ಲಿಟ್ಟ ಅವನ ಗೋಲ್‌ಕೀಪರ್ ಪ್ಯಾಡುಗಳ ನಾತ ಕಾರಿಗೂ ಹತ್ತಿ, ಎರಿನ್ ಮಿಲ್ಸ್ ಬಡಾವಣೆಯ ಗೆಳತಿಯರು ಕಿಟಕಿ ಇಳಿಸಿ ಕೂರುತ್ತಿದ್ದರು. “ಈ ಸೀಸನ್ ಒಂದ ಮುಗಿದರ ಸಾಕಪ್ಪ” ಎಂದು ಅವಳು ಅನ್ನದ ದಿನವಿಲ್ಲ. ಆದರೂ ಪ್ರತಿ ಪಂದ್ಯಕ್ಕೂ ಕಂಬಳಿ ಹೊದ್ದು ಅವನ ಗೋಲಿನ ಹಿಂದೆಯೇ ಕೂರುವಳು. ತಂಡಗಳು ಬದಿ ಬದಲಿಸಿದಾಗ ಇವಳೂ ಕಂಬಳಿ ಎತ್ತಿಕೊಂಡು ಆ ಬದಿಗೆ ನಡೆಯುವಳು.

“ಆ ಕೋಚಿಗೆ ಫೋನ್ ಹಚ್ಚ್ರಿ,” ಎಂದಳು. “ಯಾರನ್ನ ಕೇಳಿ ಕೊಟ್ರಿ ಅಂತ ಕೇಳ್ರಿ.”

ರೇವಣಸಿದ್ದಪ್ಪ ಹಚ್ಚಿದ. “ನಮ್ಮ ಮನೆಯವರಿಗೆ ಸ್ವಲ್ಪ ಬೇಜಾರಾಗಿದೆ,” ಎಂದು ಇಂಗ್ಲಿಷಿನಲ್ಲಿ ಹೇಳಿದ.

“ಸಂತ್ಯಾಗ ಎತ್ತು ಬದಲಿ ಮಾಡಿದಂಗ ಮಾಡೀರಿ, ಹೊಟ್ಟಿಗೆ ಹಾಕಿದೋರನ್ನ ಒಂದ ಮಾತು ಕೇಳಬಾರದೇನು ಅನ್ರಿ!”

“ಬಹಳ ಬೇಜಾರಾಗಿದೆ,” ಎಂದ ರೇವಣಸಿದ್ದಪ್ಪ.

ಆಟ ಅಂದಮೇಲೆ ಇದೆಲ್ಲ ಇದ್ದದ್ದೇ ಎಂದ ಕೋಚ್. ಹೊಸ ಹುಡುಗ ಸಂಜೆಗೆ ನಿಮ್ಮಲ್ಲಿಗೇ ಬರುತ್ತಾನೆ, ಅದೇ ಕೋಣೆ ಕೊಡಿ, ಒಳ್ಳೆಯವನು ಎಂದೂ ಸೇರಿಸಿದ. ರುದ್ರವ್ವ ಹಿಟ್ಟಿನ ಕೈಯಲ್ಲೇ ಫೋನ್ ಕಸಿದುಕೊಂಡಳು. “ಯೂ ನೋ ಆಸ್ಕ್! ಐ ಕುಕ್, ಯೂ ನೋ ಆಸ್ಕ್!” ಎಂದು ಕೂಗಿ ಕಟ್ ಮಾಡಿದಳು. ಆಮೇಲೆ ಗಂಡನತ್ತ ತಿರುಗಿದಳು.

“ಇನ್ನೊಬ್ಬ ಬರೂದು ಬ್ಯಾಡ. ಬಂದ್ರ ನಾ ಬಾಗಲಾ ತೆಗಿಯಂಗಿಲ್ಲ. ರೂಢಿ ಮಾಡಿಕೊಳ್ಳಾಕ ನಾಕ ತಿಂಗಳು ಹಿಡೀತು ನನಗ, ಮತ್ತ ಮೊದಲಿಂದ ಯಾರ ಮಾಡ್ತಾರ?”

ನೇಥನ್ ಬ್ಯಾಗ್ ಎಳೆದುಕೊಂಡು ಇಳಿದು ಬಂದ. ಕಣ್ಣುಗಳು ಕೆಂಪಗಾಗಿದ್ದವು. ಈ ಮನೆಯಲ್ಲಿ ಅವನು ಕಲಿತ ಕನ್ನಡ ಒಂದೇ ಮಾತು: “ಇನ್ನೊಂದು.” ಸಾಕು ಅನ್ನುವುದನ್ನು ಕಲಿಯುವ ಪ್ರಸಂಗವೇ ಬಂದಿರಲಿಲ್ಲ. ಇವತ್ತು ಮುಂದಿಟ್ಟ ತಟ್ಟೆಯಲ್ಲಿ ಅರ್ಧ ರೊಟ್ಟಿ ಮುರಿದು, ಅದನ್ನೇ ನೋಡುತ್ತ ಕೂತ.

“ತಿನ್ನೋ!” ಎಂದು ರುದ್ರವ್ವ ಗದರಿದಳು. “ದಿನಾ ಬುಟ್ಟಿ ಖಾಲಿ ಮಾಡಾಂವ, ಇವತ್ತ ಏನ್ ಧಾಡಿ?”

ಅವನು ತಲೆ ಅಲ್ಲಾಡಿಸಿದ. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಇದ್ದ ರೊಟ್ಟಿಯನ್ನೆಲ್ಲ ಮಡಚಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಸೇರಿಸಿ ಸ್ಟೀಲ್ ಡಬ್ಬಿಗೆ ತುಂಬಿದಳು. ವ್ಯಾನ್ ಬಂದು ನಿಂತಾಗ ಡಬ್ಬಿಯನ್ನು ಅವನ ಎದೆಗೆ ಒತ್ತಿದಳು.

“ಇದು ನಮ್ಮವ್ವನ ಡಬ್ಬಿ, ಕಳೀಬಾರದು, ವಾಪಸ್ ತಂದ ಕೊಡಬೇಕು ಅಂತ ಹೇಳ್ರಿ ಅವಂಗ.”

ಆ ಡಬ್ಬಿಯನ್ನು ಕಳೆದ ಬೇಸಿಗೆಯಲ್ಲಿ ಜೆರಾರ್ಡ್ ಬಜಾರಿನ ಇಂಡಿಯನ್ ಅಂಗಡಿಯಲ್ಲಿ ಇವರಿಬ್ಬರೇ ಕೊಂಡಿದ್ದರು. ಅಂಥವು ಅಡುಗೆಮನೆಯಲ್ಲಿ ಇನ್ನೂ ಮೂರಿದ್ದವು. ರೇವಣಸಿದ್ದಪ್ಪ ಬಾಯಿ ತೆರೆದು, ಹೆಂಡತಿಯ ಮುಖ ನೋಡಿ, ಹೇಳಿದಷ್ಟನ್ನೇ ಇಂಗ್ಲಿಷಿಗೆ ಹಾಕಿದ. ನೇಥನ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ವ್ಯಾನ್ ಹತ್ತಿದ.

ಸಂಜೆ ಹಿಮ ಬೀಳುತ್ತಿರುವಾಗ ಬೆಲ್ ಆಯಿತು.

“ತೆಗೀಬ್ಯಾಡ್ರಿ,” ಎಂದಳು ರುದ್ರವ್ವ.

“ಹೊರಗ ಮೈನಸ್ ಹದಿನೆಂಟು ಐತಿ, ಮಾರಾಯ್ತಿ,” ಎಂದು ರೇವಣಸಿದ್ದಪ್ಪ ಎದ್ದು ಬಾಗಿಲು ತೆಗೆದ.

ಮೆಟ್ಟಿಲ ಮೇಲೆ ನೇಥನ್‌ಗಿಂತ ಒಂದು ಗೇಣು ಎತ್ತರದ ಹುಡುಗ. ಅಂಥದೇ ಬ್ಯಾಗು, ಅದೇ ನಾತ. ಕಣ್ಣೂ ಹಾಗೇ ಕೆಂಪು. ಅವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ದಾರಿಯಲ್ಲಿ ಖಾಲಿ ಮಾಡಿದ್ದ, ಮೂಲೆಯಲ್ಲಿ ಕೇಕಿನ ಚೂರು ಅಂಟಿತ್ತು. ಒಳಗೆ ಕಾಲಿಡದೆ, ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡೇ ಇಂಗ್ಲಿಷಿನಲ್ಲಿ ಏನೋ ಕೇಳಿದ.

“ಏನಂತ?” ಎಂದಳು ರುದ್ರವ್ವ, ಅಡುಗೆಮನೆಯ ಬಾಗಿಲಿನಿಂದಲೇ.

“ಇದನ್ನ ಎಲ್ಲೆರ ಭದ್ರ ಇಡಾಕ ಜಾಗ ಐತೇನು ಅಂತ. ಅಲ್ಲಿ ಅವನ್ನ ಇಟ್ಟಕೊಂಡಾಕಿಗೆ ವಾಪಸ್ ಕೊಡಬೇಕಂತ. ಆಕಿ ಅವ್ವಂದಂತ ಇದು.”

ರುದ್ರವ್ವ ಬಂದು ಡಬ್ಬಿ ಇಸಿದುಕೊಂಡಳು. ತಿರುಗಿಸಿ ನೋಡಿದಳು. ಅಡಿಯಲ್ಲಿ ಅಗ್ಗದ ಸಾಮಾನಿನ ಡಾಲರ್ ಅಂಗಡಿಯ ಹೊಸ ಬೆಲೆಚೀಟಿ ಇನ್ನೂ ಅಂಟಿಕೊಂಡೇ ಇತ್ತು.

ರೇವಣಸಿದ್ದಪ್ಪನೂ ಬಗ್ಗಿ ನೋಡಿದ. “ಅಲ್ಲಾ, ಇದು ಡಾಲರ್ ಅಂಗಡಿ…”

“ನೀವು ಸುಮ್ನಿರ್ರಿ,” ಎಂದಳು ರುದ್ರವ್ವ, ಡಬ್ಬಿಯನ್ನು ಸೆರಗಿನಿಂದ ಒರೆಸುತ್ತ. “ಆಕಿ ಅವ್ವಂದು ಅಂದ್ರ ಆಕಿ ಅವ್ವಂದು. ಒಳಗ ಕರೀರಿ ಅವನ್ನ.”