ಇಪ್ಪತ್ತು ಬುಟ್ಟಿ ಹೂಳು

ದೊಡ್ಡ ಮನೆತನದವರ ಮಾತು ಎತ್ತುವ ಯೋಗ್ಯತೆ ಹೇಳುವವನಿಗಿಲ್ಲ. ಆದರೂ ಹೇಳದೆ ಇರಲಾಗುತ್ತಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೂರನೆಯ ದಿನವೂ ಜನ ಬಂದರು, ಉಂಡರು, ತೇಗಿದರು, ಬೇವಿನ ನೆರಳು ಹಿಡಿದು ಮಲಗಿಬಿಟ್ಟರು. ಅಜ್ಜಪ್ಪ ಒಬ್ಬನೇ ಸಲಿಕೆ ಹಿಡಿದು ಒಣಗಿದ ಕೆರೆಯೊಳಗೆ ನಿಂತಿದ್ದ. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯ ಮಗ್ಗುಲಿಗೆ ಹತ್ತು ಬೇಸಿಗೆಯಿಂದ ಅರವಟ್ಟಿಗೆ ನಡೆಸುತ್ತ, ದಣಿದು ಬಂದವರಿಗೆ ನೀರು ಕೊಡುತ್ತ ಬಂದವನು ಅವನು. ಆ ನೀರಿನ ಕೆರೆ ಹೂಳು ತುಂಬಿ, ಹಿಟ್ಟು ನಾದುವ ಪರಾತದಷ್ಟೂ ಆಳ ಉಳಿದಿರಲಿಲ್ಲ. ರೋಹಿಣಿ ಮಳೆ ಬೀಳುವುದರೊಳಗೆ ಹೂಳು ತೆಗೆಯದಿದ್ದರೆ ಬರುವ ಬೇಸಿಗೆಗೆ ಅರವಟ್ಟಿಗೆ ಮುಚ್ಚಿದ ಹಾಗೆಯೇ. ಅದಕ್ಕೆಂದೇ ಮನೆಮನೆಯಿಂದ ರೊಟ್ಟಿ, ಹೆಸರುಕಾಳು ಪಲ್ಯ, ಅಗಸಿ ಹಿಂಡಿ ತರಿಸಿ, ಉಂಡವರು ನಾಲ್ಕು ಬುಟ್ಟಿ ಮಣ್ಣು ಹೊರಲಿ ಎಂದು ಡಂಗುರ ಸಾರಿಸಿದ್ದ. ಕುಂಪಣಿ ಸರ್ಕಾರದ ವಿರುದ್ಧ ಎದ್ದ ನರಗುಂದದ ಬಂಡಾಯಕ್ಕೆ ಇನ್ನೂ ಮೂರು ವರ್ಷವಿದ್ದ ಬೇಸಿಗೆ ಅದು.

ದಾರಿಯಾಚೆಯ ಈಚಲ ಬನದಲ್ಲಿ ಸಿಂದಿ ಮಾರುವ ಗಾಳೆವ್ವ ಇದನ್ನೆಲ್ಲ ನೋಡಿ ಎದ್ದು ಬಂದಳು.

“ಹೊಟ್ಟಿ ತುಂಬಿದ ಮ್ಯಾಲೆ ಯಾರ್ ದುಡೀತಾರ್ರಿ ಅಜ್ಜಾರ? ನಾ ಒಂದ್ ಗಡಿಗಿ ಇಡ್ತೀನಿ. ಇಪ್ಪತ್ತ್ ಬುಟ್ಟಿ ಹೊತ್ತವರಿಗೆ ಒಂದ್ ಬಟ್ಟಲ. ನನ್ನ ಲೆಕ್ಕದಾಗ ಧರ್ಮ.”

“ಪುಣ್ಯದ ಕೆಲಸಕ್ಕ ಸಿಂದಿ ಏನವಾ?”

“ಸಿಂದಿ ಅಂತ ನಾ ಎಲ್ಲಿ ಅಂದೆ? ಗಡಿಗಿ ಅಂದೆ.”

ಸಿಂದಿ ಮುಟ್ಟುವುದಿಲ್ಲವೆಂದು ಸಾಯುವ ತಾಯಿಗೆ ಮಾತು ಕೊಟ್ಟವನು ಅಜ್ಜಪ್ಪ. ಆದರೆ ಪಡುವಲ ಮುಗಿಲು ಕಪ್ಪಾಗುತ್ತಿತ್ತು. “ಮುಖ ಕಾಣದ ಹೊತ್ತಿನ್ಯಾಗ ಇಡು. ನಾ ಆ ಕಡಿ ನೋಡಂಗಿಲ್ಲ,” ಎಂದ.

ಅಂದು ಸಂಜೆ ಆ ಸುಡುವ ಸೆಕೆಯಲ್ಲಿ ಜನ ಮೂಗಿನವರೆಗೆ ಕಂಬಳಿ ಹೊದ್ದುಕೊಂಡು ಬಂದರು. ದನಿ ಗುರುತು ಸಿಕ್ಕೀತೆಂದು ಯಾರೂ ತುಟಿ ಬಿಚ್ಚಲಿಲ್ಲ. ನೋಡುವುದಿಲ್ಲವೆಂದ ಅಜ್ಜಪ್ಪನ ಕಣ್ಣಿಗೂ ಅಷ್ಟಿಷ್ಟು ಬಿತ್ತು: ಒಬ್ಬ ಮಣ್ಣಿನ ಬುಟ್ಟಿಯನ್ನು ಹಸುಗೂಸಿನಂತೆ ಎದೆಗವಚಿಕೊಂಡಿದ್ದ, ಇನ್ನೊಬ್ಬನ ಹೊಸ ಕೆರ ಹೆಜ್ಜೆಗೊಮ್ಮೆ ಕಿರುಗುಟ್ಟುತ್ತಿತ್ತು.

ಬೆಳಗಾಗುವುದೇ ತಡ, ಹತ್ತಿ ವ್ಯಾಪಾರಿ ಪ್ರಭುಲಿಂಗಪ್ಪ ನಡುವಿನ ಮೇಲೆ ಕೈಯಿಟ್ಟುಕೊಂಡು ಅರವಟ್ಟಿಗೆಗೆ ಬಂದ.

“ಕಾಕಾ, ನಿನ್ನೆ ಕೆರಿಗೆ ಬಂದಿದ್ದೆ. ಕುಡಿಯಾಕಲ್ಲ ಮತ್ತ. ಯಾರ್ಯಾರು ಕುಡೀತಾರ ನೋಡಾಕ.”

“ಯಾರ್ ಕುಡಿದ್ರು, ಸಾವಕಾರ್ರ?”

“ಜವಳಿ ಅಂಗಡಿ ಮಹಾಲಿಂಗಪ್ಪ. ಕೆರದ ಸಪ್ಪಳದ ಮ್ಯಾಲೆ ಗುರ್ತ ಹಿಡಿದೆ.”

“ನೀವೆಷ್ಟ್ ಬುಟ್ಟಿ ಹೊತ್ರಿ?”

“ಇಪ್ಪತ್ತು.”

“ಬರೇ ನೋಡಾಕ ಇಪ್ಪತ್ತ್ ಬುಟ್ಟಿ?”

“ಹೊರದಿದ್ರ ಗಾಳೆವ್ವ ಗಡಿಗಿ ಹಂತ್ಯಾಕ ಬಿಡಂಗಿಲ್ಲಲ್ಲ.”

ಅವನು ಆ ಕಡೆ ಹೋದನೋ ಇಲ್ಲವೋ, ಈ ಕಡೆಯಿಂದ ಮಹಾಲಿಂಗಪ್ಪ ಬಂದ. ಅವನ ಕೈಯೂ ನಡುವಿನ ಮೇಲೆಯೇ ಇತ್ತು. ಅವನೂ ನೋಡಲೆಂದೇ ಹೋಗಿದ್ದನಂತೆ.

“ಕುಡಿದಂವ ಪ್ರಭುಲಿಂಗಪ್ಪ. ಬುಟ್ಟಿ ಹಿಡಿಯೋದ್ರಾಗ ಗೊತ್ತಾತು, ಜಲ್ಮದಾಗ ಹೊತ್ತಂವಲ್ಲ.”

“ನೀವೂ ಇಪ್ಪತ್ತೇನ್ರಿ?”

“ನಲವತ್ತು. ಅಂವ ಎರಡನೇ ಬಟ್ಟಲಕ್ಕ ಕುಂದರತಾನೇನು ನೋಡಬೇಕಾಗಿತ್ತು.”

“ಇವತ್ತು ಬರ್ತೀರೇನು?”

ಮಹಾಲಿಂಗಪ್ಪ ನಿಟ್ಟುಸಿರು ಬಿಟ್ಟ. “ಬರಬೇಕಲ್ಲ. ಊರಿನ ಮರ್ಯಾದಿ ಯಾರರ ಕಾಯಬೇಕಲ್ಲ.”

ಒಂಬತ್ತು ಸಂಜೆ ಊರಿನ ಮರ್ಯಾದೆ ಕಾಯುವವರು ಹೆಚ್ಚುತ್ತಲೇ ಹೋದರು. ಹಗಲು ಮನೆಮನೆಯಲ್ಲಿ ನಡು ತಿಕ್ಕುವ ಕೆಲಸ ನಡೆದು, ಊರಲ್ಲಿ ಔಡಲೆಣ್ಣೆ ಹುಡುಕಿದರೂ ಸಿಗದಂತಾಯಿತು. ಕೆರೆ ಆಳುದ್ದ ಇಳಿಯಿತು. ನೋಡಿದವರು ಊರೆಲ್ಲ ಇದ್ದರು. ಕುಡಿದೆನೆಂದವನು ಒಬ್ಬನೂ ಇರಲಿಲ್ಲ.

ಹತ್ತನೆಯ ದಿನ ಗಾಳೆವ್ವ ಗಡಿಗೆ ಒಯ್ಯಲು ಬಂದಾಗ ಅಜ್ಜಪ್ಪ ಅಡ್ಡ ನಿಂತ. ಒಂಬತ್ತು ದಿನದಿಂದ ಅವನಿಗೆ ಅನ್ನ ಸೇರಿರಲಿಲ್ಲ. ಸಿಂದಿಯಿಂದ ತೋಡಿಸಿದ ಕೆರೆಯ ನೀರನ್ನು ದಾರಿಹೋಕರ ಬೊಗಸೆಗೆ ಯಾವ ಮುಖದಿಂದ ಹಾಕುವುದು?

“ಖರೇ ಹೇಳು ಗಾಳೆವ್ವ. ಗಡಿಗ್ಯಾಗ ಏನಿತ್ತು?”

“ಕುಡಿದವರನ್ನ ಕೇಳ್ರಿ.”

“ಕುಡಿದವರ ಯಾರೂ ಇಲ್ಲಲ್ಲ.”

“ಹೌದಲ್ರಿ. ಮಜ್ಜಿಗಿ ಕುಡಿಸಿ ಮೋಸ ಮಾಡಿದಿ ಅಂತ ಜಗಳಕ್ಕ ಬರಬೇಕಂದ್ರೂ ಕುಡಿದಂವ ಒಬ್ಬ ಬೇಕು.” ಅವಳು ಗಡಿಗೆಯ ತಳದಲ್ಲಿ ಉಳಿದದ್ದನ್ನು ಬಟ್ಟಲಿಗೆ ಬಗ್ಗಿಸಿ ಅವನ ಕೈಗಿಟ್ಟಳು. “ತಗೋರಿ. ನೀವೂ ಇಪ್ಪತ್ತಕ್ಕಿಂತ ಹೆಚ್ಚ ಹೊತ್ತೀರಿ.” ಹಾಗೆಂದು ಬರಿ ಗಡಿಗೆಯನ್ನು ಸೊಂಟಕ್ಕೇರಿಸಿ ಹೊರಟುಹೋದಳು.

ಅಜ್ಜಪ್ಪ ಬಟ್ಟಲಿನೊಳಗೆ ಇಣುಕಿದ. ಬೆಳ್ಳಗಿತ್ತು. ಸಿಂದಿಯೂ ಬಿಳಿ, ಮಜ್ಜಿಗೆಯೂ ಬಿಳಿ. ಮೂಸಿ ನೋಡೋಣವೆಂದರೆ ನಲವತ್ತು ವರ್ಷದ ನಶ್ಯಪುಡಿಗೆ ಮೂಗು ಎಂದೋ ಸತ್ತಿತ್ತು. ಉಳಿದದ್ದು ನಾಲಿಗೆಯೊಂದೇ. ನೆಕ್ಕಿದರೆ ತಾಯಿಗೆ ಕೊಟ್ಟ ಮಾತು; ನೆಕ್ಕದಿದ್ದರೆ ಸಾಯುವವರೆಗೆ ಈ ಸಂಶಯ. ಅಷ್ಟರಲ್ಲಿ ರೋಹಿಣಿಯ ಮೊದಲ ಹನಿ ನೇರ ಬಟ್ಟಲಿಗೇ ಬಿತ್ತು.

ಮಳೆ ನಿಂತ ಮೇಲೆ ಕೆರೆ ನೋಡಲು ಓಡಿಬಂದವರಿಗೆ ದಡದಲ್ಲಿ ಅಜ್ಜಪ್ಪ ತೊಪ್ಪೆಯಾಗಿ ಕೂತಿದ್ದು ಕಂಡಿತು, ಕೈಯಲ್ಲಿ ಬರಿದಾದ ಬಟ್ಟಲು. ಪ್ರಭುಲಿಂಗಪ್ಪ, ಮಹಾಲಿಂಗಪ್ಪ ಇಬ್ಬರೂ ಒಟ್ಟಿಗೇ ಅದರತ್ತ ನೋಡಿದರು.

“ಕುಡಿಯಾಕಲ್ಲ,” ಎಂದ ಅಜ್ಜಪ್ಪ. “ನೋಡಾಕ ಹಿಡಿದಿದ್ದೆ.”

ಅವನು ಕುಡಿದನೋ ಚೆಲ್ಲಿದನೋ ಗೊತ್ತಿಲ್ಲ. ಗಡಿಗೆಯಲ್ಲಿ ಏನಿತ್ತೆಂಬುದೂ ಗೊತ್ತಿಲ್ಲ.